ಗೋಡೆಗೆ ಕಿವಿ ಚುಚ್ಚಿದ ದಿನ

ಪೋರ್ಟ್ ಅಗಸ್ಟಾದಲ್ಲಿ ಏಪ್ರಿಲ್ಲಿನ ಶನಿವಾರ.
ಹಗಲಿಗೆ ಮೂವತ್ತೇಳು, ರಾತ್ರಿಗೆ ಎಂಟು;
ಒಂದೇ ದಿನಕ್ಕೆ ಫ್ಯಾನೂ ಬೇಕು, ರಗ್ಗೂ ಬೇಕು.
ಡೋರೀನ್ ಕಾವನಾಳಿಂದ ಕೊಂಡ ಹಳೆ ಟ್ರೇಲರು
ಶೆಡ್ಡಿನ ಮುಂದೆ ಇಟ್ಟಿಗೆ ಮೇಲೆ ನಿಂತಿದೆ,
ನೊಗ ಬಿಚ್ಚಿದ ಎತ್ತಿನ ಹಾಗೆ
ಮೂತಿ ತಗ್ಗಿಸಿ.

ಟ್ರೇಲರಿಗೆ ಕೊಟ್ಟದ್ದು ಹದಿನಾಲ್ಕು ನೂರು ಡಾಲರು,
ಅದರೊಳಗೆ ಕೂರುವ ಡಬ್ಬಿಗೆ ಹದಿನಾರು ನೂರು.
ಮೂಗಿಗಿಂತ ಮೂಗುತಿ ಭಾರ ಎಂದಳು ಇಂದುಧರೆ.
ಎಂದವಳೇ ದುಡ್ಡು ಎಣಿಸಿಕೊಟ್ಟಳು.
ಜನವರಿಯ ಕ್ಯಾಂಪಿನಲ್ಲಿ
ಒದ್ದೆ ಟವಲ್ಲು ಹೊದ್ದು ಬೆಳಗು ಮಾಡಿದವಳೂ ಅವಳೇ.

ಒಂದೇ ಡಬ್ಬಿ, ಎರಡು ಬುದ್ಧಿ.
ತಂಪಿಗೂ ಅದೇ, ಬೆಚ್ಚಗೂ ಅದೇ.
ಹೊಸದಾಗಿ ಏನನ್ನೂ ಹುಟ್ಟಿಸುವುದಿಲ್ಲವಂತೆ,
ಒಳಗಿನ ಸೆಕೆಯನ್ನು ಹೊತ್ತು ಹೊರಗೆ ಸುರಿಯುತ್ತದೆ;
ಗುಂಡಿ ತಿರುಗಿಸಿದರೆ
ಹೊರಗಿನ ಚೂರುಪಾರು ಬಿಸಿ ಹೆಕ್ಕಿ ಒಳಗೆ ತರುತ್ತದೆ.
ಹಮಾಲಿ. ಅಷ್ಟೇ.

ಹಮಾಲಿಗೆ ಓಡಾಡಲು ಬಾಗಿಲು ಬೇಕಲ್ಲ.

ಅಳೆದೂ ಸುರಿದೂ ಎರಡು ವಾರ.
ಅಗಲ ಮುನ್ನೂರ ಎಪ್ಪತ್ತು, ಎತ್ತರ ಮುನ್ನೂರ ಹತ್ತು ಮಿಲಿಮೀಟರು:
ಪೆನ್ಸಿಲ್ಲಿನ ಚೌಕ ಬರೆದೆ, ಅಳಿಸಿದೆ,
ಮತ್ತೆ ಬರೆದೆ.
ಆಸ್ಪತ್ರೆಯಲ್ಲಿ ದಿನಕ್ಕೆ ನಲವತ್ತು ತೋಳಿಗೆ
ಸೂಜಿ ಇಳಿಸುವ ಕೈ ಇದು,
ಅಲ್ಯೂಮಿನಿಯಂ ತಗಡಿನ ಮುಂದೆ ಬೆವೆತು ನಿಂತಿತು.
ರಕ್ತ ತೆಗೆದ ಜಾಗ ನಾಳೆಗೆ ಕೂಡಿಕೊಳ್ಳುತ್ತದೆ,
ತಗಡು ಕೂಡುವುದಿಲ್ಲ.

ಡೋರೀನ್ ಬಂದಳು, ಗಂಡನ ಗರಗಸ ಹಿಡಿದು.
ಎಪ್ಪತ್ತೊಂದು ವಯಸ್ಸು. ಮೂರು ಬಂಡಿ ಕಟ್ಟಿದ ಲಾರಿಯನ್ನು
ಡಾರ್ವಿನ್ ತನಕ ಒಬ್ಬಳೇ ಓಡಿಸಿದವಳು.
ಈ ಗೋಡೆಗೆ ಹಸಿರು ಬಳಿದದ್ದು ಅವಳ ಕೀತ್.
ಮೊದಲ ಕೊಯ್ತ ನಿನ್ನದು ಎಂದೆ. ನಿನ್ನ ಗೋಡೆ, ನೀನೇ ಎಂದಳು.
ಹಾಗೆ ನಿಂತಲ್ಲೇ ನನ್ನ ತಂಗಿಯ ಕಿವಿಯ ಕತೆ ಹೇಳಿದೆ:
ಪತ್ತಾರ ಮೌನೇಶಪ್ಪ ಅವಳ ಬಾಯಿಗೆ ಬೆಲ್ಲದ ಚೂರಿಟ್ಟು
ಅಗೋ ಗಿಳಿ ಎಂದ,
ಅವಳು ತಿರುಗುವಷ್ಟರಲ್ಲಿ ಚಿನ್ನದ ತಂತಿ ಆಚೆ ಹೋಗಿತ್ತು.
ಗಿಳಿ ಇರಲಿಲ್ಲ.

ಡೋರೀನ್ ಏನೂ ಅನ್ನಲಿಲ್ಲ.
ಜೇಬಿನಿಂದ ಶುಂಠಿ ಬಿಸ್ಕತ್ತು ತೆಗೆದು ಕೊಟ್ಟಳು.
ಕೊಲ್ಲಿಯ ಕಡೆ ನೋಡು, ಪೆಲಿಕನ್.
ನೋಡಿದೆ. ನಿಜಕ್ಕೂ ಇತ್ತು, ಕೆಂಪು ದಿಣ್ಣೆಯ ಕೆಳಗೆ,
ಕೊಕ್ಕಿನ ಚೀಲ ಜೋಲಿಸಿಕೊಂಡು.
ಬೆನ್ನ ಹಿಂದೆ ಗರಗಸ ಕಿರುಚಿತು.

ತುಂಡು ಕಳಚಿ ಬಿದ್ದಾಗ
ಗೋಡೆಯ ಹೊಟ್ಟೆಯಲ್ಲಿ ಕುಂಬಾರಹುಳದ ಗೂಡು,
ಬೆರಳುದ್ದದ ಐದು ಮಣ್ಣಿನ ಕೋಣೆ.
ತಂಪು ಎಲ್ಲಿದೆಯೆಂದು ನಮಗಿಂತ ಮೊದಲೇ ತಿಳಿದವರು.
ಇದು ಗೂಡು ಕಟ್ಟಿದ ಮನೆಯಲ್ಲಿ
ಯಾರೋ ಬಸುರಿ ಅನ್ನುತ್ತಾರೆ ನಮ್ಮ ಕಡೆ ಎಂದೆ.
ಡೋರೀನ್ ಕನ್ನಡಕ ಹಣೆಗೇರಿಸಿ
ನಾನಂತೂ ಅಲ್ಲಪ್ಪ ಎಂದಳು.

ಕೊಯ್ತ ಒಂದು ಮೂಲೆಯಲ್ಲಿ ಆರು ಮಿಲಿ ಅಡ್ಡದಾರಿ ಹಿಡಿದಿತ್ತು.
ಫೋಮಿನ ಪಟ್ಟಿ ತುರುಕಿ ಮುಚ್ಚಿದೆವು.
ನೀರಿನ ನಳಿಗೆಗೆ ಇಳಿಜಾರು ಕೊಟ್ಟೆವು,
ಸಾಲದೆ ಬಿಚ್ಚಿ ಮತ್ತೆ ಕೊಟ್ಟೆವು.
ವೈರಿನ ಕೆಲಸ ಮಾತ್ರ ಮುಟ್ಟಲಿಲ್ಲ.
ಸೋಮವಾರ ಲೈಸೆನ್ಸಿನ ಸ್ಟಾವ್ರೋಸ್ ಬಂದ,
ನಮ್ಮ ಮೂಲೆ ನೋಡಿ ಹುಬ್ಬೇರಿಸಿದ,
ಹುಬ್ಬಿಗೂ ಸೇರಿಸಿ ಬಿಲ್ಲು ಕೊಟ್ಟ.

ಸಂಜೆ ಗುಂಡಿ ಒತ್ತಿದೆವು. ಗುರ್ ಎಂದಿತು, ತಡೆಯಿತು,
ಆಮೇಲೆ ಗಂಟಲು ಸರಿಪಡಿಸಿಕೊಂಡವರಂತೆ ಒಂದೇ ಸಮ.
ನಳಿಗೆಯ ತುದಿಯಿಂದ ಮೊದಲ ಹನಿ ಕೆಂಪು ಮಣ್ಣಿಗೆ ಬಿತ್ತು,
ಬಿದ್ದದ್ದೇ ಗುರುತಿಲ್ಲ.
ಡೋರೀನ್ ಒಳಗೆ ಹೋಗಿ ಬಾಗಿಲೆಳೆದುಕೊಂಡಳು.
ಒಮ್ಮೆ ತಂಪಾಯಿತು, ಒಮ್ಮೆ ಬೆಚ್ಚಗಾಯಿತು;
ಎರಡನ್ನೂ ಪೂರ್ತಿ ಕೂತು ನೋಡಿರಬೇಕು.
ನಾನೂ ಇಂದುಧರೆಯೂ ಹೊರಗೆ
ನಮ್ಮದೇ ಟ್ರೇಲರಿನ ಮೆಟ್ಟಿಲಲ್ಲಿ ಅತಿಥಿಗಳ ಹಾಗೆ ಕೂತಿದ್ದೆವು.

ಬಂದು ಅಂದದ್ದು ಇಷ್ಟು:
ಕೀತ್ ಇದ್ದಿದ್ದರೆ ಸದ್ದು ಜಾಸ್ತಿ ಅನ್ನುತ್ತಿದ್ದ.
ಮತ್ತೆ, ಆ ತುಂಡು ಬೇಕಾ ನಿನಗೆ?

ಈಗ ಅವಳ ವರಾಂಡದಲ್ಲಿದೆ ಅದು,
ಮುನ್ನೂರ ಎಪ್ಪತ್ತಕ್ಕೆ ಮುನ್ನೂರ ಹತ್ತು,
ಹಸಿರು ಮುಖ ಮೇಲೆ.
ಮೇಲೆ ಚಹಾದ ಕಪ್ಪು.