ಸೀದ ತುದಿ

ಬೆಳಗಿನ ಮೂರಕ್ಕೆ ನನ್ನ ಒಲೆ ಉರಿಯಬೇಕಿತ್ತು.
ಬದಲಿಗೆ ರೊಟ್ಟಿ ಸಾಗಿಸುವ ವ್ಯಾನಿನಲ್ಲಿ
ಹಿಂದೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ,
ಪಕ್ಕದಲ್ಲಿ ಎತೆರಿ,
ಅವಳ ತೊಡೆಯ ಮೇಲೆ ಕಾಗದಗಳ ಕಟ್ಟು.
ಟಿಬಿಲಿಸಿ ಇನ್ನೂ ಮಲಗಿತ್ತು.
ನಾವಿಬ್ಬರೂ ಮಾತಾಡಲಿಲ್ಲ.
ಮಾತಾಡಿದ್ದು ನಾಯಿ ಒಂದೇ,
ಅದೂ ತಿರುವು ಬಂದಾಗ ಮಾತ್ರ.

ನಾಯಿ ಅಂದರೆ ಬೊಂಬೊರಾ.
ಕಿವಿಯಲ್ಲಿ ನಗರಸಭೆಯ ಹಳದಿ ಬಿಲ್ಲೆ,
ಒಂದು ಕಣ್ಣಿನ ಸುತ್ತ ಮಸಿ.
ಯಾರದ್ದೂ ಅಲ್ಲ. ಅಂದರೆ
ಬೆಳಿಗ್ಗೆ ನನ್ನದು,
ಮಧ್ಯಾಹ್ನ ಕೊಡೆ ರಿಪೇರಿಯ ಜುಂಬೆರನದು,
ಸಂಜೆ ಲಾಮಾರಾಳ ಮೆಟ್ಟಿಲಿನದು,
ಹಿಮ ಬೀಳುವ ರಾತ್ರಿ ಮಾತ್ರ
ಎತೆರಿಯ ಅಡುಗೆಮನೆಯದು.
ಅರ್ಜಿಯಲ್ಲಿ ಯಜಮಾನನ ಹೆಸರಿಗೆ
ಒಂದೇ ಗೆರೆ ಇತ್ತಂತೆ.
ಅವಳು ತನ್ನದು ಬರೆದಳು.
ಅದು ತಿಳಿದ ಮೇಲೆ ಒಂದು ವಾರ
ಚಿಲ್ಲರೆಯನ್ನು ನಾನು ಅವಳ ಕೈಗೆ ಕೊಡಲಿಲ್ಲ,
ಹಲಗೆಯ ಮೇಲಿಟ್ಟೆ.

ಮೂವತ್ತು ವರ್ಷ ಭೂಗೋಳ ಕಲಿಸಿದವಳು,
ವಿಮಾನ ಹತ್ತಿದವಳಲ್ಲ.
ಇಟಲಿಯ ಬೂಟು, ಅದರ ಹಿಮ್ಮಡಿಗಿಂತ ತುಸು ಮೇಲೆ
ಬಾರಿ ಅಂತ ಊರು. ಅಲ್ಲಿ
ಯಾರದೋ ಅತ್ತೆಯನ್ನು ಎಬ್ಬಿಸಿ ಕೂರಿಸುವ,
ತಲೆ ಬಾಚುವ ಕೆಲಸ.
ಅವಳ ವೀಸಾ ತಿಂಗಳಲ್ಲಿ ಬಂತು.
ನಾಯಿಯದು ಅಷ್ಟು ಸಲೀಸಲ್ಲ:
ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್,
ಹುಚ್ಚಿಗೆ ಸೂಜಿ, ತಿಂಗಳು ಬಿಟ್ಟು ರಕ್ತ.
ರಕ್ತ ಜರ್ಮನಿಗೆ ಹೋಯಿತು,
ನಾಯಿಗಿಂತ ಮೊದಲೇ ಪರದೇಶ ಕಂಡಿತು.
ಆಮೇಲೆ ಮೂರು ತಿಂಗಳು ಸುಮ್ಮನೆ ಕಾಯುವುದು.
ಅಷ್ಟೂ ದಿನ ಪೆಟ್ಟಿಗೆ
ನನ್ನ ಹಿಟ್ಟಿನ ಮೂಟೆಗಳ ನಡುವೆ
ಬಾಗಿಲು ತೆರೆದುಕೊಂಡು ಕೂತಿತ್ತು.
ಅಭ್ಯಾಸವಾಗಲಿ ಅಂದಳು.
ನನಗೂ ಆಯಿತು.

ತೂಕದ ಹುಡುಗ ಕೇಳಿದ:
ಒಳಗೆ ಎದ್ದು ನಿಲ್ಲುತ್ತದಾ? ತಿರುಗುತ್ತದಾ?
ಬೊಂಬೊರಾ ಎದ್ದಿತು, ಒಂದು ಸುತ್ತು ತಿರುಗಿತು,
ಮುಗಿಯಿತೇ ಅನ್ನುವ ಹಾಗೆ ನೋಡಿತು.
ಮೂವತ್ತೊಂದು ಕಿಲೋ.
ನೀರಿನ ಬಟ್ಟಲನ್ನು ರಾತ್ರಿಯೇ ಗಡ್ಡೆಗಟ್ಟಿಸಿದ್ದಳು,
ಚೆಲ್ಲದಿರಲಿ,
ಮೋಡದ ಮೇಲೆ ಹನಿಹನಿ ಕರಗಲಿ ಎಂದು.
ಹಾಸಲು ಅವಳ ಹಳೆಯ ಸ್ವೆಟರು.
ಯಾರೂ ನೋಡದಾಗ ನಾನು ಅದರಡಿ
ಒಲೆ ಒರೆಸುವ ಬಟ್ಟೆ ತುರುಕಿದೆ:
ಹೊಗೆ, ಹಿಟ್ಟು, ನನ್ನ ಬೆವರು.
ಒಳಗೆ ಜೀವವಿದೆ ಎಂದು ಚೀಟಿ ಅಂಟಿಸಿದರು,
ಈ ಕಡೆ ಮೇಲೆ ಎಂದು ಬಾಣ.
‘ನನಗೂ ಒಂದು ಅಂಟಿಸಪ್ಪ’ ಅಂದಳು ಎತೆರಿ.
ಹುಡುಗ ನಗಲಿಲ್ಲ.
ನಾನು ನಕ್ಕೆ, ಎಷ್ಟೋ ವಾರದ ಮೇಲೆ.
ಅವಳ ಸೂಟ್‌ಕೇಸು ಎರಡು ಕಿಲೋ ಹೆಚ್ಚಿತ್ತು.
ನಕಾಶೆಗಳ ಪುಸ್ತಕ ತೆಗೆದು ನನ್ನ ಕೈಗಿಟ್ಟಳು,
‘ದಾರಿ ಗೊತ್ತು.’

ರಬ್ಬರಿನ ಪರದೆ ಪೆಟ್ಟಿಗೆಯನ್ನು ನುಂಗಿತು.
ಬೊಗಳಲಿಲ್ಲ.
ಬೊಗಳಿದ್ದರೆ ಚೆನ್ನಾಗಿತ್ತು.

ಹಿಂದೆ ಬರುವಾಗ ತಿರುವುಗಳೂ ಸುಮ್ಮನಿದ್ದವು.
ಆರಕ್ಕೆ ಒಲೆ ಹೊತ್ತಿಸಿದೆ.
ತಡವಾಯಿತೆಂದು ಲಾಮಾರಾ ಬೈದಳು, ಬೈದು
ಖಾಲಿ ಮೆಟ್ಟಿಲ ಕಡೆ ನೋಡಿ ಒಳಗೆ ಹೋದಳು.
ನಮ್ಮ ರೊಟ್ಟಿ ದೋಣಿಯ ಹಾಗೆ ಉದ್ದ,
ಮೊದಲನೆಯದರ ಒಂದು ತುದಿ
ಏನು ಮಾಡಿದರೂ ಸೀಯುತ್ತದೆ.
ಅದನ್ನು ಮುರಿದು ಬಾಗಿಲಾಚೆ ಎಸೆದೆ,
ನೋಡದೆ.
ಹಲ್ಲಿನ ಸದ್ದು ಬರಲಿಲ್ಲ.
ಪಾರಿವಾಳಗಳು ಬಂದವು. ಅವಕ್ಕದು ಗಟ್ಟಿ.

ನಾಲ್ಕನೆಯ ದಿನ ಫೋನಿಗೆ ಒಂದು ಚಿತ್ರ:
ಬಿಳಿ ಕಲ್ಲಿನ ಬೀದಿ, ಕಣ್ಣು ಕುಕ್ಕುವ ಬಿಸಿಲು,
ಯಾವುದೋ ಬೇಕರಿಯ ಹೊಸ್ತಿಲೆದುರು ಬೊಂಬೊರಾ,
ಕಿವಿಯ ಬಿಲ್ಲೆ ಹಾಗೇ,
ಮುಂಗಾಲು ಜೋಡಿಸಿಕೊಂಡು
ನನ್ನೆದುರು ಕೂರುತ್ತಿದ್ದ ಹಾಗೇ.
ಕೆಳಗೆ ಅವಳ ಎರಡು ಪದ:
ತಾನೇ ಹುಡುಕಿತು.

ಒಲೆ ಕಾದಿತ್ತು, ರೊಟ್ಟಿ ಸೀಯಲು ಬಿಟ್ಟು
ಹಿಟ್ಟಿನ ಬೆರಳಲ್ಲೇ ಒತ್ತಿದೆ:
ಅಲ್ಲಿಯವನಿಗೆ ಹೇಳು,
ಮೆತ್ತಗಿನದು ಕೊಡಬೇಡ ಅನ್ನು.
ಸೀದ ತುದಿ.
ಅದೂ ಕೈಯಾರೆ ತಿನಿಸುವುದಲ್ಲ,
ಎಸೆಯಬೇಕು,
ಆ ಕಡೆ ನೋಡಬಾರದು.