ಖಸಬಿನಲ್ಲಿ ಇಳಿಯದ ದಿನ

ಎಲ್ಲರೂ ಇಳಿದು ಹೋದರು, ಕೊರಳಿಗೆ ಕಾರ್ಡು ತೂಗಿಕೊಂಡು,
ಮರದ ದೋಣಿಗಳಲ್ಲಿ, ಡಾಲ್ಫಿನ್ ನೋಡಲು.
ನಾವು ಇಳಿಯಲಿಲ್ಲ.
ಅತ್ತೆಯ ಮೊಣಕಾಲು ನೆಪಕ್ಕೆ;
ನಿಜ ಅಂದರೆ, ಮೂರು ದಿನದಿಂದ
ನೋಡಿ ನೋಡಿ ಸಾಕಾಗಿತ್ತು.

ಹಡಗೀಗ ಮದುವೆ ಮುಗಿದ ಛತ್ರ.
ಕುರ್ಚಿಗಳೆಲ್ಲ ನಮ್ಮವೇ. ಈಜುಕೊಳದ ನಡುವೆ
ಅಂಗಾತ ತೇಲುತ್ತಾಳೆ ಇಂಚರಾ,
ಕಿವಿ ನೀರೊಳಗೆ, ಕರೆದರೂ ಕೇಳದ ಹಾಗೆ.
ರಾಣೆಬೆನ್ನೂರಿನ ಬೀಜದಂಗಡಿಯಲ್ಲಿ, ತಕ್ಕಡಿಯ ಹಿಂದೆ,
ಇಪ್ಪತ್ತು ವರ್ಷ ನಿಂತೇ ಇದ್ದ ಇವರ ಕಾಲುಗಳು
ಬೆರಳು ಅಗಲಿಸಿ ಮಲಗಿವೆ,
ಒಂದೊಂದು ಬೆರಳೂ ಬೇರೆ ಬೇರೆ ನಿದ್ದೆಯಲ್ಲಿ.

ಎದುರಿಗೆ ಬೆಟ್ಟ, ಹೆಸರಿಗೂ ಒಂದು ಎಲೆಯಿಲ್ಲ.
"ಬೆಲ್ಲದ ಪೆಂಟಿ ಇಟ್ಟಂಗೈತಿ ಬಿಸಲಾಗ,"
ಅತ್ತೆ ಶೇಂಗಾ ಸುಲಿಯುತ್ತಾರೆ,
"ಇರುವಿ ಹೆಂಗ ಹತ್ತಿಲ್ಲೋ!"

ಊರ ಕಡೆಯಿಂದ ತೇಲಿಬಂದ ಮಧ್ಯಾಹ್ನದ ಬಾಂಗು
ಹಡಗಿನ ಗೋಡೆಗೆ ತಾಗಿ ನಿಂತಿತು.
ಕಂಬಿಯ ಬುಡದಲ್ಲಿ ಕುಕ್ಕರಗಾಲಲ್ಲಿ ವಯಾನ್
ತುಕ್ಕು ಕೆರೆದು ಬಿಳಿ ಬಣ್ಣ ಹಚ್ಚುತ್ತಿದ್ದಾನೆ;
ಹಡಗು ನಿಂತ ದಿನವೇ ಅವನಿಗೆ ಕೆಲಸ ಹೆಚ್ಚು.
"ತಮ್ಮಾ, ತಗೋ." ಸಿಪ್ಪೆ ಸಮೇತ ಒಂದು ಬೊಗಸೆ.
ಭಾಷೆ ಗೊತ್ತಿಲ್ಲ. ಕಾಳು ಬಾಯಿಗೆ, ಸಿಪ್ಪೆ ಜೇಬಿಗೆ.
ಕಡಲಿಗೆ ಏನನ್ನೂ ಎಸೆಯುವಂತಿಲ್ಲವಂತೆ,
ಸನ್ನೆಯಲ್ಲೇ ಹೇಳಿದ.

ಸಂಜೆ ಕೆಂಪಾಗಿ ಹಿಂತಿರುಗಿದರು ಎಲ್ಲರೂ.
ಪಕ್ಕದ ಕೋಣೆಯ ದಾವಣಗೆರೆಯವರ ಫೋನಿನಲ್ಲಿ ಡಾಲ್ಫಿನ್:
ಅದು ಮುಳುಗಿದ ಜಾಗದ ನೀರು.
"ನೀವೇನು ನೋಡಿದಿರಿ?"
"ಸುಮ್ಮಕ ಕುಂತಿದ್ವಿ," ಅತ್ತೆ ಅಂದರು,
ಅದೂ ಒಂದು ಊರಿನ ಹೆಸರೆಂಬಂತೆ.

ಹಗ್ಗ ಬಿಚ್ಚಿದ್ದು ನಮಗೆ ತಿಳಿಯಲೇ ಇಲ್ಲ.
ತಟ್ಟನೆ ಕುರ್ಚಿಯ ಕೈ ಹಿಡಿದರು ಅತ್ತೆ:
"ನೋಡ ನೋಡ, ಗುಡ್ಡ ಹೊಂಟ್ತು."