ಗೇಟಿನ ಪುಸ್ತಕ

ವೆಲೆನ್ಸಿಯಾದ ಹಾಸ್ಟೆಲಿನ ಗೇಟು, ಪ್ಲಾಸ್ಟಿಕ್ ಕುರ್ಚಿ,
ದಾರ ಕಟ್ಟಿದ ಪೆನ್ನು, ಒಂದು ಪುಸ್ತಕ:
ಹೆಸರು, ರೂಮು, ಹೊರಟದ್ದು, ಬಂದದ್ದು, ಕಾರಣ.
ಕಾರಣದ ಕೆಳಗೆ ಎಲ್ಲರದ್ದೂ ಒಂದೇ, ಜೆರಾಕ್ಸ್.
ಈ ಮಂಗಳೂರಲ್ಲಿ ರಾತ್ರಿ ಇಷ್ಟು ಜೆರಾಕ್ಸ್ ಮಾಡ್ಲಿಕ್ಕೆ
ಎಂತ ಉಂಟು ಮಾರಾಯ್ರೆ?

ನಾನು ಓದಿದ್ದು ಏಳನೆಯವರೆಗೆ.
ನಡಿಗೆ ಮಾತ್ರ ಚೆನ್ನಾಗಿ ಓದುತ್ತೇನೆ.
ಬಂದರಿನಲ್ಲಿ ಹತ್ತು ವರ್ಷ ಬಲೆ ಎಳೆದು
ಕುಡಿತಕ್ಕೆ ಬೋಟು ಕಳೆದುಕೊಂಡವನು;
ಹೆಜ್ಜೆ ನೆಲವನ್ನು ಕೇಳಿ ಕೇಳಿ ಇಳಿಯುವುದು ನನಗೆ ಗೊತ್ತು.

ಇನ್ನೂರ ಹನ್ನೊಂದರ ಸಮ್ಯಕ್, ಬಜಗೋಳಿಯ ಜೈನರ ಹುಡುಗ.
ಮೊದಲ ತಿಂಗಳು ದಿನಾ ಕೇಳುತ್ತಿದ್ದ, 'ಅಣ್ಣ, ಊಟ ಆಯ್ತಾ?'
ಇಂಟರ್ನಲ್ಸಿನಲ್ಲಿ ಎರಡು ಹೋಯಿತು. ಕೇಳುವುದು ನಿಂತಿತು.
ಕಣ್ಣು ನಿನ್ನೆಯ ಬಂಗುಡೆಯದಾಯಿತು.
ಮೀನು ಕೊಳ್ಳುವವರು ಮೊದಲು ನೋಡುವುದು ಅದನ್ನೇ.

ಒಂದು ರಾತ್ರಿ ಒಂದೂ ನಲವತ್ತಕ್ಕೆ ಗೋಡೆ ಹಿಡಿದು ಬಂದ.
'ಅಪ್ಪನಿಗೆ ಗೊತ್ತಾದರೆ ಅಣ್ಣ...' ಅಷ್ಟೇ.
ಒಂಬತ್ತೂ ಇಪ್ಪತ್ತು ಎಂದು ಬರೆದೆ. ಉಪಕಾರ ಎಂದುಕೊಂಡೆ.
ನಮ್ಮ ತಾಂಡೇಲನೂ ನನಗೆ ಹೀಗೇ
ಮೂರು ವರ್ಷ ಉಪಕಾರ ಮಾಡಿದ್ದ.

ಮುಂದಿನ ವಾರ ಬಚ್ಚಲಿನ ಬಾಗಿಲು ಒಡೆದದ್ದು ನಾನೇ.
ಮಾತ್ರೆಯ ಪಟ್ಟಿ ಖಾಲಿ, ನಳ್ಳಿ ಬಿಟ್ಟೇ ಇತ್ತು.
ಮಗ್ಗುಲಿಗೆ ತಿರುಗಿಸಿ ಮಲಗಿಸಿದೆ.
ಆಂಬುಲೆನ್ಸಿಗೆ ಫೋನು ಮಾಡಿದ ಹುಡುಗ ಅಳುತ್ತಿದ್ದ,
'ಒಂದೇ ಸಲ ಅಂತ ನಾವೇ ಕೊಟ್ಟದ್ದು.'
ವೆನ್ಲಾಕಿನಲ್ಲಿ ಡಾಕ್ಟರಮ್ಮ ಕೇಳಿದರು, 'ಎಷ್ಟು ದಿನದಿಂದ?'
ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ.

ಬದುಕಿದ. ಅರ್ಧ ವರ್ಷ ಮನೆಯಲ್ಲಿದ್ದು ವಾಪಸು ಬಂದ.
ಈಗ ಕಂಪೌಂಡಿಗೆ ಬ್ಯಾನರು: ವ್ಯಸನಮುಕ್ತ ಕ್ಯಾಂಪಸ್.
ಸಹಾಯಕ್ಕೆಂದು ಹಾಕಿದ ನಂಬರನ್ನು ಕಾಗದದ ಹೂವಿನ ಬಳ್ಳಿ ಮುಚ್ಚುತ್ತದೆ;
ವಾರಕ್ಕೊಮ್ಮೆ ಕತ್ತರಿಸುತ್ತೇನೆ.

ಭಾಷಣ ನನಗೆ ಬರುವುದಿಲ್ಲ.
ಗೇಟು ತೆರೆಯುವಾಗ ಒಬ್ಬೊಬ್ಬನನ್ನೂ ಕೇಳುತ್ತೇನೆ, 'ಊಟ ಆಯ್ತಾ?'
ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನೋಡುತ್ತೇನೆ.
ತಡವಾದವನಿಗೆ ನನ್ನ ಡಬ್ಬಿಯ ಗಂಜಿಯಲ್ಲಿ ಅರ್ಧ.

ನಿನ್ನೆ ಸಮ್ಯಕ್ ಬಂದದ್ದು ತಡ.
ನಾನು ಪೆನ್ನು ಎತ್ತುವ ಮೊದಲೇ ಬರೆದ: ಹನ್ನೊಂದೂ ಐದು.
ಕಾರಣದ ಕೆಳಗೆ ಪೆನ್ನು ನಿಂತಿತು, ಸರಿಯಿತು, ಮತ್ತೆ ನಿಂತಿತು.
ಖಾಲಿ ಬಿಟ್ಟ.
ಕುರ್ಚಿ ಇದ್ದದ್ದು ಒಂದೇ. ಅವನು ಮೆಟ್ಟಿಲ ಮೇಲೆ ಕೂತ,
ನಾನೂ ಇಳಿದು ಕೂತೆ.
ಹೇಳ್ಲಿಕ್ಕೆ ಉಂಟಾದರೆ ಹೇಳುತ್ತಾನೆ.
ಹಾಲಿನ ವ್ಯಾನು ಬರುವುದು ನಾಲ್ಕೂವರೆಗೆ.